ಒಂದು ಸಂದೇಶ, ಲಕ್ಷ ಉತ್ತರ: ಸಾಮೂಹಿಕ ಇ-ಮೇಲ್ ಅವಾಂತರಗಳಿಂದ ಪಂಚಾಯತಿಗಳು ಕಲಿಯಬೇಕಾದ ಪಾಠ



ಹಿಂದೆ ಒಂದು ಸುತ್ತೋಲೆ ಕಚೇರಿಯಿಂದ ಹೊರಡಬೇಕಾದರೆ ಅದು ಹಲವು ಕೈಗಳನ್ನು ದಾಟಬೇಕಾಗಿತ್ತು. ಕರಡು ಸಿದ್ಧವಾಗಿ, ಬೆರಳಚ್ಚಾಗಿ, ಅಧಿಕಾರಿಯ ಸಹಿಯಾಗಿ, ಜಾವಕ ವಹಿಯಲ್ಲಿ ಸಂಖ್ಯೆ ನಮೂದಾಗಿ, ಲಕೋಟೆಯ ಮೇಲೆ ವಿಳಾಸ ಬರೆದ ನಂತರವೇ ಅದು ಟಪಾಲಿಗೆ ಸೇರುತ್ತಿತ್ತು. ಇಷ್ಟು ಹಂತಗಳಲ್ಲಿ ಎಲ್ಲಿಯಾದರೂ ಒಂದು ಕಡೆ ತಪ್ಪು ಯಾರದಾದರೂ ಕಣ್ಣಿಗೆ ಬೀಳುವ ಅವಕಾಶವಿತ್ತು. ಇಂದು ಅದೇ ಸುತ್ತೋಲೆ ಒಂದು ಗುಂಡಿಯನ್ನು ಒತ್ತಿದೊಡನೆ ಸಾವಿರಾರು ಜನರನ್ನು ತಲುಪುತ್ತದೆ. ತಲುಪುವ ವೇಗ ಹೆಚ್ಚಿದಂತೆ ತಪ್ಪು ಹರಡುವ ವೇಗವೂ ಹೆಚ್ಚಿದೆ.

ದೊಡ್ಡ ಸಂಸ್ಥೆಗಳಲ್ಲಿ ಒಂದೇ ಒಂದು ಇ-ಮೇಲ್‌ನಿಂದ ಇಡೀ ಕಚೇರಿಯ ಕೆಲಸ ಅಸ್ತವ್ಯಸ್ತಗೊಂಡ ಪ್ರಸಂಗಗಳು ಜಗತ್ತಿನ ಹಲವೆಡೆ ನಡೆದಿವೆ. ಅವು ನಡೆದದ್ದು ಗಣಕಯಂತ್ರದ ಅರಿವಿಲ್ಲದವರ ನಡುವೆ ಅಲ್ಲ. ಅದರಲ್ಲಿ ಪರಿಣತರೆನಿಸಿಕೊಂಡವರ ನಡುವೆಯೇ. ಸಭೆಯ ವಿಷಯಗಳು, ಕಾಮಗಾರಿಗಳ ವಿವರ, ಫಲಾನುಭವಿಗಳ ಪಟ್ಟಿ, ಕುಡಿಯುವ ನೀರಿನ ಎಚ್ಚರಿಕೆ ಮುಂತಾದವು ಈಗ ಗ್ರಾಮ ಪಂಚಾಯತಿಗಳಲ್ಲಿಯೂ ಇ-ಮೇಲ್ ಮತ್ತು ವಾಟ್ಸಾಪ್ ಗುಂಪುಗಳ ಮೂಲಕ ಹರಿದಾಡುತ್ತಿರುವುದರಿಂದ, ಆ ಪ್ರಸಂಗಗಳ ಕಾರಣಗಳನ್ನು ಸದಸ್ಯರು ಅರಿತಿರುವುದು ಅವಶ್ಯವಾಗಿದೆ.

ಇ-ಮೇಲ್‌ನ ಮೂರು ವಿಳಾಸ ಸ್ಥಾನಗಳು

ಪ್ರತಿಯೊಂದು ಸರ್ಕಾರಿ ಪತ್ರದಲ್ಲಿಯೂ 'ಇವರಿಗೆ' ಎಂದು ಒಂದು ವಿಳಾಸವಿರುತ್ತದೆ. ಕೆಳಗೆ 'ಪ್ರತಿಯನ್ನು ಮಾಹಿತಿಗಾಗಿ' ಎಂದು ಇನ್ನು ಕೆಲವರ ಹೆಸರಿರುತ್ತದೆ. ಇ-ಮೇಲ್‌ನಲ್ಲಿಯೂ ಇದೇ ಕ್ರಮವಿದೆ. 'ಟು' ಎಂಬ ಸ್ಥಾನವು ಕ್ರಮ ಕೈಗೊಳ್ಳಬೇಕಾದವರದು. 'ಸಿಸಿ' ಎಂಬುದು ಮಾಹಿತಿಗಾಗಿ ಪ್ರತಿ ಪಡೆಯುವವರದು. ಈ ಎರಡು ಸ್ಥಾನಗಳಲ್ಲಿರುವ ಎಲ್ಲ ವಿಳಾಸಗಳೂ ಪತ್ರ ಪಡೆದ ಎಲ್ಲರಿಗೂ ಕಾಣುತ್ತವೆ. ಮೂರನೆಯದಾದ 'ಬಿಸಿಸಿ' ಸ್ಥಾನದಲ್ಲಿ ನಮೂದಿಸಿದ ವಿಳಾಸಗಳು ಮಾತ್ರ ಉಳಿದವರಿಗೆ ಕಾಣುವುದಿಲ್ಲ. ಪ್ರತಿಯೊಬ್ಬರಿಗೂ ಪತ್ರ ತಲುಪುತ್ತದೆ, ಆದರೆ ಮತ್ತಾರಿಗೆ ತಲುಪಿತೆಂಬುದು ತಿಳಿಯುವುದಿಲ್ಲ.

ಇದಲ್ಲದೆ ಗುಂಪಿನ ವಿಳಾಸ ಎಂಬುದೊಂದಿದೆ. ನೂರಾರು ಅಥವಾ ಸಾವಿರಾರು ಜನರ ವಿಳಾಸಗಳನ್ನು ಒಂದು ಪಟ್ಟಿಯಾಗಿ ಮಾಡಿ, ಆ ಪಟ್ಟಿಗೆ ಒಂದು ಹೆಸರು ಕೊಡಲಾಗುತ್ತದೆ. ಕಳುಹಿಸುವವರ ಕಣ್ಣಿಗೆ ಕಾಣುವುದು ಆ ಒಂದು ಹೆಸರು ಮಾತ್ರ. ಅದರ ಹಿಂದೆ ಎಷ್ಟು ಜನರಿದ್ದಾರೆಂಬುದು ಅನೇಕ ವೇಳೆ ಅವರಿಗೂ ತಿಳಿದಿರುವುದಿಲ್ಲ.

ಪತ್ರ ಪಡೆದವರಿಗೆ ಉತ್ತರಿಸಲು ಎರಡು ಗುಂಡಿಗಳಿರುತ್ತವೆ. 'ರಿಪ್ಲೈ' ಒತ್ತಿದರೆ ಉತ್ತರ ಸಾಮಾನ್ಯವಾಗಿ ಕಳುಹಿಸಿದವರಿಗಷ್ಟೇ ಹೋಗುತ್ತದೆ. 'ರಿಪ್ಲೈ ಆಲ್' ಒತ್ತಿದರೆ ಟು ಮತ್ತು ಸಿಸಿ ಸ್ಥಾನಗಳಲ್ಲಿರುವ ಎಲ್ಲರಿಗೂ, ಗುಂಪಿನ ವಿಳಾಸವಿದ್ದರೆ ಆ ಗುಂಪಿನ ಎಲ್ಲರಿಗೂ ಹೋಗುತ್ತದೆ. ಪರದೆಯ ಮೇಲೆ ಈ ಎರಡು ಗುಂಡಿಗಳೂ ಅಕ್ಕಪಕ್ಕದಲ್ಲಿಯೇ ಇರುತ್ತವೆ. ಮುಂದೆ ವಿವರಿಸಿರುವ ಅವಾಂತರಗಳಲ್ಲಿ ಹೆಚ್ಚಿನವು ಈ ಎರಡು ಗುಂಡಿಗಳ ನಡುವಿನ ಅಂತರದಲ್ಲಿಯೇ ಹುಟ್ಟಿದವು.

ತಪ್ಪು ಬೆಳೆಯುವ ಬಗೆ

ಒಂದು ಉದಾಹರಣೆಯ ಲೆಕ್ಕವನ್ನು ನೋಡೋಣ. 2,000 ಜನರಿರುವ ಗುಂಪಿಗೆ ಒಬ್ಬರು ತಪ್ಪಾಗಿ ಒಂದು ಇ-ಮೇಲ್ ಕಳುಹಿಸುತ್ತಾರೆ. ಅಲ್ಲಿಗೆ 2,000 ಪ್ರತಿಗಳು ಹೊರಟವು. ಅದನ್ನು ಕಂಡ 50 ಜನ 'ಇದು ನನಗೆ ಸಂಬಂಧಿಸಿದ್ದಲ್ಲ, ನನ್ನ ಹೆಸರನ್ನು ಪಟ್ಟಿಯಿಂದ ತೆಗೆಯಿರಿ' ಎಂದು ಎಲ್ಲರಿಗೂ ಉತ್ತರಿಸುತ್ತಾರೆ. ಆಗ 1,00,000 ಪ್ರತಿಗಳು ಸೇರುತ್ತವೆ. ಇದರಿಂದ ಬೇಸತ್ತ 20 ಜನ 'ದಯವಿಟ್ಟು ಎಲ್ಲರಿಗೂ ಉತ್ತರಿಸಬೇಡಿ' ಎಂಬ ಸಲಹೆಯನ್ನು ಎಲ್ಲರಿಗೂ ಕಳುಹಿಸುತ್ತಾರೆ. ಇನ್ನೂ 40,000 ಪ್ರತಿಗಳು ಕೂಡುತ್ತವೆ. ಮೊದಲ ತಪ್ಪಿನ ಪಾಲು ಕೇವಲ 2,000. ಅದನ್ನು ಸರಿಪಡಿಸಲು ಹೊರಟವರ ಪಾಲು 1,40,000.

ರಜೆಯ ಮೇಲಿರುವವರು 'ನಾನು ಕಚೇರಿಯಲ್ಲಿಲ್ಲ' ಎಂಬ ಸ್ವಯಂಚಾಲಿತ ಉತ್ತರವನ್ನು ಹೊಂದಿಸಿಟ್ಟಿರುತ್ತಾರೆ. ಕೆಲವರ ಪೆಟ್ಟಿಗೆಯಿಂದ 'ಪತ್ರವನ್ನು ಓದಲಾಗಿದೆ' ಎಂಬ ಸ್ವೀಕೃತಿ ತಾನಾಗಿಯೇ ಹೊರಡುತ್ತದೆ. ತಪ್ಪು ಮಾಡಿದವರು ಗಾಬರಿಯಿಂದ ಆ ಇ-ಮೇಲ್ ಅನ್ನು ಹಿಂದಕ್ಕೆ ಪಡೆಯಲು ಯತ್ನಿಸಿದರೆ, ಕೆಲವು ವ್ಯವಸ್ಥೆಗಳಲ್ಲಿ ಆ ಯತ್ನವೂ ಮತ್ತೊಂದು ಸಂದೇಶವಾಗಿ ಎಲ್ಲರನ್ನೂ ತಲುಪುತ್ತದೆ.

ಊರಿನಲ್ಲಿ ತಳವಾರನು ಡಂಗುರ ಸಾರಿದಾಗ ಜನ ಕೇಳಿಸಿಕೊಂಡು ಸುಮ್ಮನಾಗುತ್ತಿದ್ದರು. ಕೇಳಿದ ಪ್ರತಿಯೊಬ್ಬರೂ ತಮ್ಮ ಮನೆಯ ಮುಂದೆ ಡಂಗುರ ಹಿಡಿದು 'ನನಗೆ ಕೇಳಿಸಿತು' ಎಂದು ಸಾರಲು ನಿಂತಿದ್ದರೆ ಏನಾಗುತ್ತಿತ್ತೋ, ಸಾಮೂಹಿಕ ಇ-ಮೇಲ್‌ನಲ್ಲಿ ಆಗುವುದೂ ಅದೇ.

ದಾಖಲಾದ ಮೂರು ಪ್ರಸಂಗಗಳು

ಮೊದಲನೆಯದು, 1997ರ ಅಕ್ಟೋಬರ್‌ನಲ್ಲಿ ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆಯಲ್ಲಿ ನಡೆದದ್ದು. ಅಲ್ಲಿ 'ಬೆಡ್‌ಲಾಮ್ ಡಿಎಲ್ 3' ಎಂಬ ಹೆಸರಿನ ಒಂದು ವಿಳಾಸಪಟ್ಟಿಯಲ್ಲಿ ಸುಮಾರು 13,000 ನೌಕರರ ಹೆಸರುಗಳಿದ್ದವು. ತನ್ನ ಹೆಸರು ಈ ಪಟ್ಟಿಯಲ್ಲಿರುವುದನ್ನು ಕಂಡ ಒಬ್ಬ ನೌಕರರು, ತಮ್ಮನ್ನು ಪಟ್ಟಿಯಿಂದ ತೆಗೆಯುವಂತೆ ಕೋರಿ ಆ ಪಟ್ಟಿಗೇ ಇ-ಮೇಲ್ ಕಳುಹಿಸಿದರು. ಅದನ್ನು ಓದಿದ ಇತರರು 'ನನ್ನನ್ನೂ ತೆಗೆಯಿರಿ' ಎಂದು ಎಲ್ಲರಿಗೂ ಉತ್ತರಿಸತೊಡಗಿದರು. ಅನಂತರ 'ಎಲ್ಲರಿಗೂ ಉತ್ತರಿಸುವುದನ್ನು ನಿಲ್ಲಿಸಿ' ಎಂಬ ಉತ್ತರಗಳೂ ಎಲ್ಲರಿಗೂ ಹೋದವು. ಆ ಸಂಸ್ಥೆಯ ತಂತ್ರಜ್ಞರೇ ನಂತರ ಪ್ರಕಟಿಸಿದ ವಿವರದಂತೆ ಸುಮಾರು 1.5 ಕೋಟಿ ಸಂದೇಶಗಳು, 195 ಗಿಗಾಬೈಟ್‌ನಷ್ಟು ಮಾಹಿತಿ ಅವರ ಜಾಲದಲ್ಲಿ ಹರಿದವು. ಇ-ಮೇಲ್ ತಂತ್ರಾಂಶವನ್ನು ತಯಾರಿಸಿ ಜಗತ್ತಿಗೆ ಮಾರುವ ಸಂಸ್ಥೆಯಲ್ಲಿಯೇ ಇ-ಮೇಲ್ ವ್ಯವಸ್ಥೆ ಕುಸಿಯಿತು.

ಎರಡನೆಯದು, 2009ರ ಜನವರಿಯಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯಲ್ಲಿ ನಡೆಯಿತು. ಇಲಾಖೆಯ ಬಹಳಷ್ಟು ಜನರಿಗೆ ಒಂದು ಖಾಲಿ ಇ-ಮೇಲ್ ತಲುಪಿತು. ರಾಜತಾಂತ್ರಿಕ ಅಧಿಕಾರಿಗಳು ತಮ್ಮ ಹೆಸರನ್ನು ತೆಗೆಯುವಂತೆ ಎಲ್ಲರಿಗೂ ಉತ್ತರಿಸಿದರು. ಇನ್ನು ಕೆಲವರು ಹಾಗೆ ಉತ್ತರಿಸಿದವರನ್ನು ಕಟುವಾದ ಮಾತುಗಳಲ್ಲಿ ಎಲ್ಲರೆದುರೇ ಗದರಿದರು. ಮತ್ತೆ ಕೆಲವರು ತಾವು ಕಳುಹಿಸಿದ್ದನ್ನು ಹಿಂಪಡೆಯಲು ಹೋಗಿ ಇನ್ನೊಂದು ಸುತ್ತಿನ ಸಂದೇಶಗಳಿಗೆ ಕಾರಣರಾದರು. ವ್ಯವಸ್ಥೆ ಸ್ಥಗಿತಗೊಳ್ಳುವ ಹಂತ ತಲುಪಿದ್ದರಿಂದ, ದೊಡ್ಡ ಪಟ್ಟಿಗಳಿಗೆ 'ರಿಪ್ಲೈ ಆಲ್' ಬಳಸಿದವರ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದೆಂದು ಇಲಾಖೆಯು ಎಚ್ಚರಿಕೆ ನೀಡಬೇಕಾಯಿತು. ಒಂದೊಂದು ಪದವನ್ನೂ ಅಳೆದು ತೂಗಿ ಬರೆಯುವುದೇ ಕಸುಬಾಗಿರುವ ಅಧಿಕಾರಿಗಳಿಂದ ಇದು ನಡೆದದ್ದೆಂಬುದು ಗಮನಾರ್ಹ.

ಮೂರನೆಯದು, 2016ರ ನವೆಂಬರ್ 14ರಂದು ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ನಡೆದದ್ದು. ಲಂಡನ್ನಿನ ಕ್ರಾಯ್ಡನ್ ಪ್ರದೇಶದ ಗುಂಪಿಗೆಂದು ರಚಿಸಿದ್ದ ಪಟ್ಟಿಯೊಂದಕ್ಕೆ ಪರೀಕ್ಷಾರ್ಥವಾಗಿ ಒಂದು ಇ-ಮೇಲ್ ಕಳುಹಿಸಲಾಯಿತು. ವ್ಯವಸ್ಥೆಯ ದೋಷದಿಂದ ಆ ಪಟ್ಟಿಯಲ್ಲಿ ಸ್ಥಳೀಯರಷ್ಟೇ ಅಲ್ಲದೆ ಎಲ್ಲ ಬಳಕೆದಾರರೂ, ಅಂದರೆ 8 ಲಕ್ಷಕ್ಕೂ ಅಧಿಕ ಜನ, ಸೇರಿದ್ದರು. ಎಂದಿನಂತೆ 'ನನ್ನನ್ನು ತೆಗೆಯಿರಿ' ಎಂಬ ಉತ್ತರಗಳು ಎಲ್ಲರಿಗೂ ಹೊರಟವು. 75 ನಿಮಿಷಗಳಲ್ಲಿ ಸುಮಾರು 50 ಕೋಟಿ ಇ-ಮೇಲ್‌ಗಳು ಹರಿದವೆಂದು ಅಂದಾಜಿಸಲಾಗಿದೆ. ಆಸ್ಪತ್ರೆಗಳ ನಡುವೆ ಹೋಗಬೇಕಾಗಿದ್ದ ಕೆಲಸದ ಪತ್ರಗಳು ಈ ದಟ್ಟಣೆಯ ಹಿಂದೆ ಕಾಯಬೇಕಾಯಿತು.

ಈ ಮೂರು ಪ್ರಸಂಗಗಳನ್ನು ಒಟ್ಟಾಗಿ ನೋಡಿದಾಗ ಒಂದು ಅಂಶ ಸ್ಪಷ್ಟವಾಗುತ್ತದೆ. ಮೊದಲ ತಪ್ಪು ಮಾಡಿದವರು ಒಬ್ಬರು. ಹಾನಿಯನ್ನುಂಟುಮಾಡಿದವರು ಸದುದ್ದೇಶದಿಂದಲೋ ಸಿಟ್ಟಿನಿಂದಲೋ ಎಲ್ಲರಿಗೂ ಉತ್ತರಿಸಿದ ಅನೇಕರು. ಅವರಲ್ಲಿ ಯಾರೊಬ್ಬರಿಗೂ ತಾವು ತಪ್ಪು ಮಾಡುತ್ತಿದ್ದೇವೆಂದು ಅನಿಸಿರಲಿಲ್ಲ. ಮನುಷ್ಯರ ಈ ಸ್ವಭಾವವನ್ನು ಬದಲಿಸುವುದು ಕಷ್ಟವೆಂದು ಮನಗಂಡು, 2020ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ಇ-ಮೇಲ್ ಸೇವೆಯಲ್ಲಿಯೇ ಒಂದು ತಡೆಯನ್ನು ಅಳವಡಿಸಿತು. 5,000ಕ್ಕಿಂತ ಹೆಚ್ಚು ಜನರಿರುವ ಪತ್ರಕ್ಕೆ ಒಂದು ಗಂಟೆಯೊಳಗೆ 10 ಬಾರಿ 'ರಿಪ್ಲೈ ಆಲ್' ಬಂದರೆ, ಮುಂದಿನ ನಾಲ್ಕು ಗಂಟೆಗಳ ಕಾಲ ಅಂತಹ ಉತ್ತರಗಳನ್ನು ವ್ಯವಸ್ಥೆಯೇ ತಡೆಹಿಡಿಯುವಂತೆ ಅದನ್ನು ಮೊದಲಿಗೆ ರೂಪಿಸಲಾಗಿತ್ತು.

ವಿಳಾಸಪಟ್ಟಿಯೇ ಬಹಿರಂಗವಾದಾಗ

ಇದುವರೆಗೆ ಹೇಳಿದ ಪ್ರಸಂಗಗಳಲ್ಲಿ ನಷ್ಟವಾದದ್ದು ಸಮಯ ಮತ್ತು ತಾಳ್ಮೆ. ಆದರೆ ಸಾಮೂಹಿಕ ಇ-ಮೇಲ್‌ನ ಇನ್ನೊಂದು ಬಗೆಯ ತಪ್ಪಿನಲ್ಲಿ ಜನರ ಮಾನ ಮತ್ತು ಪ್ರಾಣಗಳೇ ಅಪಾಯಕ್ಕೆ ಸಿಲುಕುತ್ತವೆ. ಬಿಸಿಸಿ ಸ್ಥಾನದಲ್ಲಿ ಇಡಬೇಕಾದ ವಿಳಾಸಗಳನ್ನು ಟು ಸ್ಥಾನದಲ್ಲಿ ಇಡುವುದೇ ಆ ತಪ್ಪು.

2015ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ '56 ಡೀನ್ ಸ್ಟ್ರೀಟ್' ಎಂಬ ಚಿಕಿತ್ಸಾಲಯವು ಎಚ್‌ಐವಿ ಸೇವೆಗಳನ್ನು ಪಡೆಯುವವರಿಗಾಗಿ ಹೊರತರುತ್ತಿದ್ದ ವಾರ್ತಾಪತ್ರವನ್ನು 781 ಜನರಿಗೆ ಇ-ಮೇಲ್ ಮಾಡಿತು. ವಿಳಾಸಗಳೆಲ್ಲ ಟು ಸ್ಥಾನದಲ್ಲಿದ್ದವು. ಅವುಗಳಲ್ಲಿ 730 ವಿಳಾಸಗಳಲ್ಲಿ ವ್ಯಕ್ತಿಯ ಪೂರ್ಣ ಹೆಸರೇ ಇತ್ತು. ಪತ್ರದ ಒಕ್ಕಣೆಯಲ್ಲಿ ಯಾವ ದೋಷವೂ ಇರಲಿಲ್ಲ. ಆದರೆ ಯಾರು ಈ ಪತ್ರವನ್ನು ಪಡೆಯುತ್ತಾರೆಂಬ ಸಂಗತಿಯೇ ಇಲ್ಲಿ ಗೋಪ್ಯವಾಗಿತ್ತು. ಅಲ್ಲಿನ ಮಾಹಿತಿ ಆಯುಕ್ತರ ಕಚೇರಿಯು ಆ ಸಂಸ್ಥೆಗೆ 1,80,000 ಪೌಂಡ್ ದಂಡ ವಿಧಿಸಿತು.

2021ರ ಸೆಪ್ಟೆಂಬರ್‌ನ ಪ್ರಸಂಗ ಇನ್ನೂ ಗಂಭೀರವಾದದ್ದು. ಆ ವರ್ಷದ ಆಗಸ್ಟ್‌ನಲ್ಲಿ ಕಾಬೂಲ್ ನಗರವು ತಾಲಿಬಾನ್ ವಶವಾಗಿತ್ತು. ಬ್ರಿಟಿಷರೊಡನೆ ಕೆಲಸ ಮಾಡಿದ್ದ ಆಫ್ಘನ್ನರನ್ನು ಸ್ಥಳಾಂತರಿಸುವ ಹೊಣೆ ಬ್ರಿಟನ್ನಿನ ರಕ್ಷಣಾ ಸಚಿವಾಲಯದ ಮೇಲಿತ್ತು. ಸೆಪ್ಟೆಂಬರ್ 20ರಂದು ಅಂತಹ 245 ಜನರಿಗೆ ಕಳುಹಿಸಿದ ಒಂದು ಇ-ಮೇಲ್‌ನಲ್ಲಿ ಎಲ್ಲರ ವಿಳಾಸಗಳೂ ಟು ಸ್ಥಾನದಲ್ಲಿದ್ದವು. 55 ಜನರ ಭಾವಚಿತ್ರಗಳೂ ಕಾಣುತ್ತಿದ್ದವು. ಪತ್ರ ಪಡೆದವರಲ್ಲಿ ಇಬ್ಬರು ಎಲ್ಲರಿಗೂ ಉತ್ತರಿಸಿದರು. ಅವರಲ್ಲಿ ಒಬ್ಬರು ತಾವಿರುವ ಸ್ಥಳವನ್ನೂ ತಿಳಿಸಿಬಿಟ್ಟರು. ತಲೆಮರೆಸಿಕೊಂಡು ಬದುಕುಳಿಯಬೇಕಾದವರ ಪಟ್ಟಿ ಅವರ ರಕ್ಷಣೆಗೆ ನಿಂತವರ ಕೈಯಿಂದಲೇ ಹೊರಬಿದ್ದಿತ್ತು. ಇ-ಮೇಲ್ ಅನ್ನು ಅಳಿಸಿ, ತಮ್ಮ ವಿಳಾಸವನ್ನು ಬದಲಿಸಿಕೊಳ್ಳುವಂತೆ ಸಚಿವಾಲಯವು ಅವರನ್ನು ಕೋರಬೇಕಾಯಿತು. 2023ರ ಡಿಸೆಂಬರ್‌ನಲ್ಲಿ ಸಚಿವಾಲಯಕ್ಕೆ 3,50,000 ಪೌಂಡ್ ದಂಡ ವಿಧಿಸಲಾಯಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ದಂಡ ಕಟ್ಟಬಹುದು, ಕ್ಷಮೆ ಕೇಳಬಹುದು. ತಿಳಿದುಹೋದ ಹೆಸರನ್ನು ತಿಳಿಯದಂತೆ ಮಾಡಲಾಗದು.

ನಮ್ಮ ಪಂಚಾಯತಿಗಳ ಮಟ್ಟದಲ್ಲಿ

ಗ್ರಾಮ ಪಂಚಾಯತಿಯ ಗುಂಪಿನಲ್ಲಿ ಲಕ್ಷಾಂತರ ಜನರಿರುವುದಿಲ್ಲ. ಸದಸ್ಯರು, ಅಭಿವೃದ್ಧಿ ಅಧಿಕಾರಿ, ಕಾರ್ಯದರ್ಶಿ, ಕರವಸೂಲಿಗಾರರು, ನೀರುಗಂಟಿಗಳು ಸೇರಿ ಕೆಲವು ಹತ್ತು ಜನರಿರಬಹುದು. ಆದರೂ ಮೇಲಿನ ಎರಡೂ ಬಗೆಯ ತಪ್ಪುಗಳಿಗೆ ಅಲ್ಲಿ ಅವಕಾಶವಿದೆ.

ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ಬೆಳಿಗ್ಗೆ 6 ಗಂಟೆಗೆ ಗುಂಪಿನಲ್ಲಿ ಒಂದು ಸಂದೇಶ ಬರುತ್ತದೆ: ಓವರ್‌ಹೆಡ್ ಟ್ಯಾಂಕಿನ ನೀರು ಕಲುಷಿತವಾಗಿದೆ, ಮುಂದಿನ ಸೂಚನೆಯವರೆಗೆ ಯಾರೂ ಕುಡಿಯದಂತೆ ಆಯಾ ವಾರ್ಡಿನ ಸದಸ್ಯರು ತಿಳಿಸತಕ್ಕದ್ದು. ಅದರ ಕೆಳಗೆ 'ಓಕೆ ಸರ್' ಎಂದು ಹದಿನೈದು ಉತ್ತರಗಳು, ಮುಗಿದ ಕೈಗಳ ಹತ್ತು ಚಿತ್ರಗಳು, ಶುಭೋದಯದ ಐದು ಹೂಗುಚ್ಛಗಳು ಬರುತ್ತವೆ. 7 ಗಂಟೆಗೆ ಮೊಬೈಲ್ ತೆರೆದ ಸದಸ್ಯರಿಗೆ ಮೊದಲು ಕಾಣುವುದು ಹೂಗುಚ್ಛ. ಎಚ್ಚರಿಕೆ ಮೂವತ್ತು ಸಂದೇಶಗಳಷ್ಟು ಮೇಲಕ್ಕೆ ಸರಿದಿರುತ್ತದೆ. ಅಷ್ಟರಲ್ಲಿ ಆ ವಾರ್ಡಿನ ಮನೆಗಳಲ್ಲಿ ಕೊಡ ತುಂಬಿರುತ್ತದೆ. ಅಧಿಕಾರಿಗೆ ತೋರಿದ ಗೌರವವು ಜನರಿಗೆ ತಲುಪಬೇಕಾದ ಮಾಹಿತಿಯನ್ನು ಮುಚ್ಚಿಹಾಕಿದಂತಾಗುತ್ತದೆ.

ಇನ್ನೊಂದು ಸಂದರ್ಭ. ಬಾಲ್ಯವಿವಾಹ ನಡೆಯಲಿದೆಯೆಂಬ ಸುಳಿವು ಸದಸ್ಯರೊಬ್ಬರಿಗೆ ದೊರೆಯುತ್ತದೆ. ಅವರು ಸದುದ್ದೇಶದಿಂದಲೇ ಬಾಲಕಿಯ ಹೆಸರು, ಮನೆ, ಮಾಹಿತಿ ನೀಡಿದವರ ಹೆಸರುಗಳನ್ನು ಗುಂಪಿನಲ್ಲಿ ಹಾಕುತ್ತಾರೆ. ಗುಂಪಿನಲ್ಲಿ ಆ ಕುಟುಂಬದ ಬಂಧುಗಳಿರಬಹುದು. ಸಂದೇಶವನ್ನು ಯಾರಾದರೂ ಬೇರೆ ಗುಂಪಿಗೆ ದಾಟಿಸಬಹುದು. ಅಧಿಕಾರಿಗಳು ಸ್ಥಳಕ್ಕೆ ಬರುವ ಮೊದಲೇ ಬಾಲಕಿಯನ್ನು ಬೇರೆ ಊರಿಗೆ ಸಾಗಿಸಬಹುದು. ಮಾಹಿತಿ ನೀಡಿದವರು ಊರಿನಲ್ಲಿ ಬದುಕುವುದು ಕಷ್ಟವಾಗಬಹುದು. ಇಂತಹ ಮಾಹಿತಿಗೆ ಸರಿಯಾದ ಜಾಗ ಮಕ್ಕಳ ಸಹಾಯವಾಣಿ 1098 ಅಥವಾ ಸಂಬಂಧಪಟ್ಟ ಅಧಿಕಾರಿಗೆ ನೇರ ಕರೆ, ಗುಂಪು ಅಲ್ಲ.

ಫಲಾನುಭವಿಗಳ ಪಟ್ಟಿಯ ವಿಷಯದಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಗ್ರಾಮಸಭೆಯಲ್ಲಿಯೇ ಓದಿ ಹೇಳುವ ಪಟ್ಟಿಯನ್ನು ಗೋಪ್ಯವಾಗಿಡುವುದೇಕೆ? ಪಾರದರ್ಶಕತೆ ಪಂಚಾಯತಿಯ ಕರ್ತವ್ಯವೇ ಆಗಿದೆ. ಯಾರಿಗೆ, ಯಾವ ಯೋಜನೆಯಲ್ಲಿ, ಏನು ದೊರೆಯಿತೆಂಬುದು ಜನರಿಗೆ ತಿಳಿಯಬೇಕು. ಆದರೆ ಆ ವ್ಯಕ್ತಿಯ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ಸಂಖ್ಯೆ, ಮೊಬೈಲ್ ಸಂಖ್ಯೆ, ಕಾಯಿಲೆಯ ವಿವರ ಊರಿಗೆ ತಿಳಿಯಬೇಕಾಗಿಲ್ಲ. ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸುವುದನ್ನು ಆಧಾರ್ ಕಾಯ್ದೆ, 2016 ನಿರ್ಬಂಧಿಸುತ್ತದೆ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ಜನರ ಮಾಹಿತಿಯನ್ನು ಇಟ್ಟುಕೊಂಡವರು ಅದರ ಸೋರಿಕೆಯನ್ನು ತಡೆಯಲು ತಕ್ಕ ಎಚ್ಚರ ವಹಿಸದಿದ್ದಲ್ಲಿ 250 ಕೋಟಿ ರೂಪಾಯಿಗಳವರೆಗೆ ದಂಡಕ್ಕೆ ಅವಕಾಶ ಕಲ್ಪಿಸಿದೆ. ವಿಧವೆಯೊಬ್ಬರು ಪಿಂಚಣಿಗಾಗಿ ನೀಡಿದ ದಾಖಲೆಯು ಪಂಚಾಯತಿಯ ಮೇಲೆ ಅವರಿಟ್ಟ ನಂಬಿಕೆಯೂ ಹೌದೆಂಬುದನ್ನು ಮರೆಯಲಾಗದು.

ಅನುಸರಿಸಬಹುದಾದ ಕ್ರಮಗಳು

1. ಕಳುಹಿಸುವ ಮುನ್ನ ಸಂದೇಶವನ್ನು ಒಮ್ಮೆ, ವಿಳಾಸವನ್ನು ಎರಡು ಬಾರಿ ಓದತಕ್ಕದ್ದು. ವಿಳಾಸವನ್ನು ಕೊನೆಯಲ್ಲಿ ನಮೂದಿಸುವ ಅಭ್ಯಾಸ ಒಳ್ಳೆಯದು. ಅರ್ಧ ಬರೆದ ಪತ್ರ ಕೈತಪ್ಪಿ ಹೊರಡುವುದು ಇದರಿಂದ ತಪ್ಪುತ್ತದೆ.

2. ಸಾಮೂಹಿಕ ಪತ್ರಕ್ಕೆ ಉತ್ತರಿಸಬೇಕಾದಲ್ಲಿ ಕಳುಹಿಸಿದವರಿಗೆ ಮಾತ್ರ ಉತ್ತರಿಸುವುದು. ತಮ್ಮ ಉತ್ತರವು ಗುಂಪಿನ ಎಲ್ಲರಿಗೂ ಅಗತ್ಯವಾಗಿದ್ದಲ್ಲಿ ಮಾತ್ರ 'ರಿಪ್ಲೈ ಆಲ್' ಬಳಸುವುದು.

3. ತಪ್ಪಾಗಿ ಬಂದ ಸಾಮೂಹಿಕ ಸಂದೇಶಕ್ಕೆ ಉತ್ತರಿಸದಿರುವುದೇ ಅತ್ಯುತ್ತಮ ಉತ್ತರ. ತೀರಾ ಅಗತ್ಯವಿದ್ದಲ್ಲಿ ಕಳುಹಿಸಿದವರಿಗೆ ದೂರವಾಣಿಯ ಮೂಲಕ ತಿಳಿಸುವುದು. ಬೇರೆಯವರು ಎಲ್ಲರಿಗೂ ಉತ್ತರಿಸುತ್ತಿದ್ದರೆ, ಅದನ್ನು ನಿಲ್ಲಿಸಲು ತಾವೂ ಎಲ್ಲರಿಗೂ ಬರೆಯಬಾರದು.

4. ಪರಸ್ಪರ ಪರಿಚಯವಿಲ್ಲದ ಜನರಿಗೆ, ಮುಖ್ಯವಾಗಿ ಫಲಾನುಭವಿಗಳಿಗೆ, ಒಟ್ಟಾಗಿ ಇ-ಮೇಲ್ ಕಳುಹಿಸುವಾಗ ವಿಳಾಸಗಳನ್ನು ಬಿಸಿಸಿ ಸ್ಥಾನದಲ್ಲಿಯೇ ಇಡುವುದು. ಆರೋಗ್ಯ, ಮಕ್ಕಳು ಅಥವಾ ದೂರುದಾರರಿಗೆ ಸಂಬಂಧಿಸಿದ್ದಾದರೆ ಬಿಸಿಸಿಯನ್ನೂ ನಂಬದೆ ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಕಳುಹಿಸುವುದು. ಸ್ಥಾನ ತಪ್ಪಲು ಒಂದು ಕ್ಷಣದ ಅಜಾಗರೂಕತೆ ಸಾಕು.

5. ಪಂಚಾಯತಿಯಲ್ಲಿ ಎರಡು ವಾಟ್ಸಾಪ್ ಗುಂಪುಗಳಿರುವುದು ಸೂಕ್ತ. ಒಂದು ಸೂಚನೆಗಳಿಗಾಗಿ, ಅದರಲ್ಲಿ ಅಡ್ಮಿನ್‌ಗಳು ಮಾತ್ರ ಸಂದೇಶ ಹಾಕುವಂತೆ ಸೆಟ್ಟಿಂಗ್ ಮಾಡಬಹುದು. ಇನ್ನೊಂದು ಚರ್ಚೆ, ಶುಭಾಶಯಗಳಿಗಾಗಿ.

6. ವಾಟ್ಸಾಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯ ಮೂಲಕ ಕಳುಹಿಸಿದ ಸಂದೇಶ ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ತಲುಪುತ್ತದೆ. ಒಬ್ಬರ ಸಂಖ್ಯೆ ಮತ್ತೊಬ್ಬರಿಗೆ ಕಾಣುವುದಿಲ್ಲ. ಆದರೆ ಕಳುಹಿಸುವವರ ಸಂಖ್ಯೆಯನ್ನು ತಮ್ಮ ಮೊಬೈಲ್‌ನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆಂಬುದು ತಿಳಿದಿರಲಿ.

7. ಗುಂಪಿನ ಪಟ್ಟಿಯನ್ನು ಕಾಲಕಾಲಕ್ಕೆ ಪರಿಶೀಲಿಸುವುದು. ವರ್ಗಾವಣೆಯಾದವರು, ಅವಧಿ ಮುಗಿದವರು, ಮೊಬೈಲ್ ಸಂಖ್ಯೆ ಬದಲಿಸಿದವರನ್ನು ಪಟ್ಟಿಯಿಂದ ತೆಗೆಯುವುದು. ಪಟ್ಟಿಯಲ್ಲಿ ಯಾರಿದ್ದಾರೆಂದು ತಿಳಿಯದೆ ಅದಕ್ಕೆ ಏನನ್ನೂ ಕಳುಹಿಸಬಾರದು.

8. ಪಟ್ಟಿಗಳನ್ನು ಹಂಚಿಕೊಳ್ಳುವ ಮುನ್ನ ಆಧಾರ್, ಬ್ಯಾಂಕ್ ಖಾತೆ ಮತ್ತು ಮೊಬೈಲ್ ಸಂಖ್ಯೆಗಳ ಕಾಲಂಗಳನ್ನು ತೆಗೆದುಹಾಕುವುದು. ಕಾಲಂ ಅನ್ನು ಕಾಣದಂತೆ ಮರೆಮಾಡಿದರೆ ಸಾಲದು. ಕಡತವನ್ನು ತೆರೆದವರು ಅದನ್ನು ಮತ್ತೆ ಕಾಣುವಂತೆ ಮಾಡಬಲ್ಲರು.

9. ತಪ್ಪು ಸಂಭವಿಸಿದಲ್ಲಿ ಮುಚ್ಚಿಡದೆ ಕೂಡಲೇ ಪಂಚಾಯತಿ ಅಭಿವೃದ್ಧಿ ಅಧಿಕಾರಿಗೆ ತಿಳಿಸುವುದು. ಯಾರ ಮಾಹಿತಿ ಹೊರಬಿದ್ದಿದೆಯೋ ಅವರಿಗೂ ತಿಳಿಸುವುದು; ತಮ್ಮನ್ನು ತಾವು ಕಾಪಾಡಿಕೊಳ್ಳಲು ಅವರಿಗೆ ಸಮಯ ಸಿಗಬೇಕು. ಸಂದೇಶವನ್ನು ಅಳಿಸುವುದು ಒಳ್ಳೆಯದೇ, ಆದರೆ ಅಷ್ಟರಲ್ಲಿ ಯಾರೂ ಓದಿಲ್ಲವೆಂದು ಭಾವಿಸುವಂತಿಲ್ಲ.

ಕೊನೆಯದಾಗಿ, ತಪ್ಪು ಮಾಡಿದ ಸಿಬ್ಬಂದಿಯನ್ನು ಗುಂಪಿನಲ್ಲಿ ಎಲ್ಲರೆದುರು ನಿಂದಿಸುವುದು ತರವಲ್ಲ. ಹಾಗೆ ನಿಂದಿತರಾದವರು ಮುಂದಿನ ಬಾರಿ ತಪ್ಪನ್ನು ಹೇಳಿಕೊಳ್ಳದೆ ಮರೆಮಾಡುತ್ತಾರೆ. ಮರೆಮಾಡಿದ ತಪ್ಪಿಗೆ ಪರಿಹಾರವಿಲ್ಲ. ದೊಡ್ಡ ದೊಡ್ಡ ಸಂಸ್ಥೆಗಳ ಪರಿಣತರೂ ಎಡವಿದ ಹಾದಿಯಲ್ಲಿ ನಾವು ನಡೆಯುತ್ತಿದ್ದೇವೆ. ಎಲ್ಲರಿಗೂ ತಲುಪಬೇಕಾದ ಮಾತು ಎಲ್ಲರಿಗೂ ತಲುಪಲಿ, ಒಬ್ಬರಿಗೆ ತಲುಪಬೇಕಾದದ್ದು ಅವರಿಗಷ್ಟೇ ತಲುಪಲಿ.

ಗ್ರಾಮ ಪಂಚಾಯತಿಯ ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಚರ್ಚಿಸಿ, ಸೂಚನಾ ಗುಂಪಿನ ಬಳಕೆ ಹಾಗೂ ಪಟ್ಟಿಗಳ ಹಂಚಿಕೆಯ ಬಗ್ಗೆ ತಮ್ಮ ಪಂಚಾಯತಿಗೆ ಒಪ್ಪುವ ಕ್ರಮವನ್ನು ನಿರ್ಧರಿಸಿಕೊಳ್ಳುವಂತೆ ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರನ್ನು ಕೋರಲಾಗಿದೆ.